ಏಳನೇ ನಂಬರು

ಪಾಲಿನ ಕಾಗದದಲ್ಲಿ ಹೀಗಿತ್ತು:
ಮೋಟಾರು ಅವರಿಗೆ, ಟಾಕಿ ನಮಗೆ.
ನಡುವಿನ ಪೈಪು ಯಾರದೆಂದು ಬರೆದಿರಲಿಲ್ಲ,
ನೀರು ಯಾರದೆಂದೂ.

ಶಹಾಬಾದಿನಲ್ಲಿ ಗೋಡೆಗೆ ಕಲ್ಲಿನ ಬರವಿಲ್ಲ.
ಎರಡೇ ದಿನದಲ್ಲಿ ಅಂಗಳದ ನಡುವೆ
ಪರಸಿಯ ಮೇಲೆ ಪರಸಿ ಏರಿ
ನನ್ನ ತಲೆಗಿಂತ ಗೇಣುದ್ದ ಹೆಚ್ಚು ನಿಂತಿತು.
ಅಂದಿನಿಂದ ನೆಗೆಣ್ಣಿ ಜಗದೇವಿ ಅಂದರೆ
ನನಗೆ ಬಳೆಯ ಸದ್ದು,
ಪುಂಡಿಪಲ್ಯದ ಒಗ್ಗರಣೆ,
ನಾಲ್ಕು ದಿನಕ್ಕೊಮ್ಮೆ ನಳ ಬಂದಾಗ
ಮೋಟಾರಿನ ಗುಂಯ್.

ನೀರು ಕೂಡಿಡುವ ತೊಟ್ಟಿಗೆ
ನಮ್ಮ ಕಡೆ ಹೌದು ಅಂತಲೇ ಹೆಸರು.
ಹೌದು ಅವರ ಅಂಗಳದಲ್ಲಿ.
ಇಲ್ಲ, ಸಾಕು ಅನ್ನುವ ಕೆಲಸ
ನಮ್ಮ ಮಾಳಿಗೆಯದು.
ಟಾಕಿ ತುಂಬಿ ಹರಿದರೆ ನಾನು ಕೂಗುವಂತಿಲ್ಲ,
ತಾಟು ಬಡಿಯುತ್ತಿದ್ದೆ.
ಆಕೆ ಬಂದ್ ಮಾಡುತ್ತಿದ್ದಳು,
ಮನಸಾದಾಗ.

ಸ್ಟೇಷನ್ ರೋಡಿನಲ್ಲಿ ಮಿಕ್ಸರು, ಟೀವಿ
ರಿಪೇರಿ ಮಾಡುವ ಕೈ ಇದು. ಸುಮ್ಮನಿರಲಿಲ್ಲ.
ಕಲಬುರಗಿಯ ಸೂಪರ್ ಮಾರ್ಕೆಟ್ಟಿನಿಂದ
ಬಿಸ್ಕೀಟಿನಷ್ಟಗಲದ ಎರಡು ಬೋರ್ಡು ತಂದೆ.
ಒಂದು ಟಾಕಿಯ ಮೇಲೆ, ತೇಲುಬುರುಡೆಗೆ ಕಟ್ಟಿ.
ಇನ್ನೊಂದನ್ನು ಬಚ್ಚಲ ನೀರು ಹೋಗುವ ಕಿಂಡಿಯಲ್ಲಿ
ಭೀಮಾಶಂಕರನ ಕೈಗೆ ಕೊಟ್ಟೆ.
ಒಂಬತ್ತನೇತ್ತ ಹುಡುಗ. ಅವ್ವನಿಗೆ
ಸಾಲಿ ಪ್ರಾಜೆಕ್ಟು ಅಂದು
ಮೋಟಾರಿನ ಪಕ್ಕ ಜೋಡಿಸಿದ.
ನಮ್ಮ ವೈಫೈಗೆ ಗೋಡೆ ಕಂಡೇ ಇರಲಿಲ್ಲ.

ಮೇಲಿನದು ಕೆಳಗಿನದಕ್ಕೆ ಹೇಳುವುದು ಒಂದೇ ಅಂಕಿ.
ಸೊನ್ನೆ: ಇನ್ನೂ ಇಲ್ಲ. ಒಂದು: ತುಂಬಿತು.
ಉಭಯ ಕುಶಲೋಪರಿ ಇಲ್ಲ,
ಹಿರಿಯರಿಗೆ ಶರಣು, ಕಿರಿಯರಿಗೆ ಆಶೀರ್ವಾದ ಇಲ್ಲ.
ಗಾಳಿಗೆ ಎಸೆದ ಕಾಳು,
ಎಲ್ಲಿ ಬಿತ್ತೋ.
ಅದಕ್ಕೇ ಮತ್ತೆ ನಾಲ್ಕು ಸಾಲು ಬರೆದೆ:
ಕೇಳಿಸಿದರೆ ಹೂಂ ಅನ್ನು.

ನಮ್ಮಾಯಿ ಕತ್ತಲಲ್ಲಿ ಕತೆ ಹೇಳುವಾಗ
ಹೂಂಗುಟ್ಟದಿದ್ದರೆ ರಾಜಕುಮಾರ
ಇದ್ದ ಮರದಲ್ಲೇ ಕೂತಿರುತ್ತಿದ್ದ.
ಮೂರು ಸಲ ಕೇಳುತ್ತಿದ್ದಳು, ಮಲಗಿದ್ರೇನು?
ಆಮೇಲೆ ತಾನೇ ಗೊರಕೆ.
ನನ್ನ ಬೋರ್ಡಿಗೂ ಮೂರೇ ಸಲ ಕೊಟ್ಟೆ.
ಆಮೇಲೆ ಕೆಂಪು ದೀಪ.

ಎಂಟು ತಿಂಗಳು ಒಂದು, ಹೂಂ. ಒಂದು, ಹೂಂ.
ಎರಡು ಮನೆಯ ನಡುವೆ ಅಷ್ಟೇ ಮಾತು.

ಒಂದು ರಾತ್ರಿ ಮೂರು ಸಲ ಕರೆಂಟು ಹೋಗಿ ಬಂತು.
ರೂಟರು ಎಲ್ಲ ಮರೆತು ಎದ್ದು
ಕೈಗೆ ಸಿಕ್ಕವರಿಗೆ ಹೊಸ ನಂಬರು ಹಂಚಿತು.
ಕೆಳಗಿನ ಬೋರ್ಡು ಏಳು ಇದ್ದದ್ದು ಹನ್ನೊಂದಾಯಿತು.
ಏಳು ಹೋಗಿ ಸೇರಿದ್ದು
ಭೀಮಾಶಂಕರನ ಮೊಬೈಲಿಗೆ
(ಪಾಸ್‌ವರ್ಡು ಬೋರ್ಡಿಗೆ ಮಾತ್ರ ಅಂದಿದ್ದೆ).
ಮೇಲಿನದು ಪಾಪ, ಕಲಿಸಿದ್ದನ್ನೇ ಹೇಳಿತು
ಒಂದು, ಒಂದು, ಒಂದು,
ಗೋಡೆಯೇಳುವ ಮೊದಲಿನ ವಿಳಾಸಕ್ಕೆ
ಕಾಗದ ಹಾಕುವ ದೂರದ ನೆಂಟರಂತೆ.

ನಸುಕಿನ ನಾಲ್ಕು. ಮಾಳಿಗೆಯ ದೋಣಿಯಿಂದ
ನೀರು ಧೋ ಅಂತ ಅವರ ಕಡೆಗೇ ಬೀಳುತ್ತಿದೆ.
ಕೆಂಪು ದೀಪ ಉರಿದಿದೆ, ನಾನು ನಿದ್ದೆಯಲ್ಲಿ.
ಗೋಡೆಯಾಚೆಯಿಂದ ದನಿ,
ಹೆಸರಿಲ್ಲದೆ, ವರಸೆಯಿಲ್ಲದೆ, ಎರಡು ವರ್ಷದ ಮೇಲೆ:
"ಏ, ನಿನ್ನ ಡಬ್ಬಿ ಕೇಳವಲ್ದು ನೋಡು."

ನಿನ್ನ ಡಬ್ಬಿ.
ಎಂಟು ತಿಂಗಳಿಂದ ಗೊತ್ತಿತ್ತು ಹಾಗಾದರೆ.

"ಮೇನ್ ಬಂದ್ ಮಾಡು."
"ಯಾವ್ದು?"
"ಎಡಗಡಿದು."
ಸ್ವಲ್ಪ ತಡೆದು
"ಹೂಂ."

ಮೋಟಾರು ನಿಂತಿತು. ದೋಣಿ ಇನ್ನೂ ತೊಟ್ಟಿಕ್ಕುತ್ತಿತ್ತು.
ಚಪ್ಪಲಿ ಒಳಗೆ ಹೋದ ಸದ್ದು ಬರಲಿಲ್ಲ ಬಹಳ ಹೊತ್ತು.
ನಾನೂ ಹೋಗಲಿಲ್ಲ.

ಬೆಳಗಾದ ಮೇಲೆ ಏಳನ್ನು
ಆ ಬೋರ್ಡಿಗೇ ಕಾಯಂ ಮಾಡಿದೆ.
ಮಾತು ಬರದೇ ಹೋದರೆ ತಾನೇ ನಿಲ್ಲು
ಎಂದು ಕೆಳಗಿನದಕ್ಕೆ ಕಲಿಸಿರಲಿಲ್ಲ,
ಅದನ್ನೂ ಬರೆದೆ.
ಮೊಬೈಲಿಗೆ ಹನ್ನೆರಡು ಹೋಯಿತು.
ಪಾಸ್‌ವರ್ಡು ಬದಲಿಸಲಿಲ್ಲ.