ಚಂಡಿ ನೂಲಿಗೆ ಹೆಸರಿಲ್ಲ

ಕುಂಬಳೆಯಲ್ಲಿ ರೈಲು ಹಳಿಯ ಪಡುಬದಿಗೆ
ನಮ್ಮ ಬಣ್ಣದ ಶೆಡ್ಡು.
ನೆಲದಲ್ಲಿ ಕುತ್ತಿಗೆವರೆಗೆ ಹೂತ ಬಾನಿ,
ಬಾನಿಗೆ ಹಲಗೆ, ಹಲಗೆಗೊಂದು ಕಲ್ಲು.
ಒಳಗೆ ಸುಣ್ಣ, ಬೆಲ್ಲ, ತಗಟೆ ಬೀಜದ ಗಂಜಿ,
ಮತ್ತೆ ನೀಲಿ, ಹುಳಿಯುತ್ತ, ತನ್ನಷ್ಟಕ್ಕೆ ಗುಳುಗುಳು ಅನ್ನುತ್ತ.
ಬಾನಿಗೆ ಜೀವ ಉಂಟೋ ಇಲ್ಲವೋ ಎಂದು
ಅಪ್ಪ ಬೆಳಿಗ್ಗೆ ಮೂಗಿನಿಂದಲೇ ಕೇಳುತ್ತಿದ್ದರು.

ಅದ್ದಿದ ಲಡಿ ಮೇಲೆ ಬರುವಾಗ ಹಳದಿ.
ನೀಲಿಯ ಬಾನಿಯಿಂದ ಹಳದಿ!
ಹಿಂಡುವಷ್ಟರಲ್ಲಿ ಹಸಿರು.
ಬಿದಿರ ಗಳಕ್ಕೆ ಹಾಕಿದರೆ
ಒಂದು ಬೀಡಿ ಮುಗಿಯುವುದರೊಳಗೆ
ಗಾಳಿ ಕುಡಿದು ಕುಡಿದು
ನೀಲಿ.

ನಡುವೆ ಯಾರಾದರೂ ಬಂದು
'ಇದೆಂಥ ಬಣ್ಣ ತ್ಯಾಂಪಣ್ಣ?' ಎಂದರೆ
ಅಪ್ಪ ಬಾಯಿ ಬಿಡರು.
ಪಚ್ಚ ಅನ್ನುವನು ಅಂಬಾಡಿ,
ಪಚ್ಚೆ ಅನ್ನುವಳು ನೂಲು ಸುತ್ತುವ ಬೀಫಾತುಮ್ಮ,
ಪಾಚ್ವೊ, ಲೆಕ್ಕದ ಪುಸ್ತಕದಿಂದ ಕಣ್ಣೆತ್ತದ ಪೈಗಳು.
ಹಸಿಯಾಗಿದ್ದರೆ ಹಸಿರಲ್ಲವೇ ಎಂದು ನಾನು,
ಶಾಲೆಗೆ ಹೋಗುವ ಜಂಬದಲ್ಲಿ.
'ಚಂಡಿ ನೂಲಿಗೆ ಹೆಸರಿಡಬಾರದು. ಒಣಗಲಿ.'
ಅಷ್ಟೇ.

ಮೊನ್ನೆ ಉಪ್ಪಳದ ಅದ್ರಾಮನ ಗುಜರಿಯಲ್ಲಿ
ತೂಕಕ್ಕೆ ಸಿಕ್ಕಿತು ಪದಗಳ ಬೇರು ಹೇಳುವ ಒಂದು ಕೋಶ.
ರಟ್ಟಿಲ್ಲ. ಕೊನೆಯ ನೂರು ಪುಟ ಗೆದ್ದಲಿಗೆ.
ಗೆದ್ದಲು ಉಳಿಸಿದ್ದರಲ್ಲಿ ನಾನು ಹುಡುಕಿದ್ದು ನೀಲಿಯನ್ನೇ.

ಬ್ಲೌ ಅನ್ನುತ್ತದೆ ಜರ್ಮನಿ, ಬ್ಲೋ ಅನ್ನುತ್ತದೆ ಸ್ವೀಡನ್.
ಐಸ್‌ಲೆಂಡಿನ ಹಳೆಯ ಬಾಯಿಯಲ್ಲಿ
ಆ ಪದ ಕಾಗೆಯ ರೆಕ್ಕೆಗೂ ಸಲ್ಲುತ್ತಿತ್ತಂತೆ.
(ನಮ್ಮ ನೀಲಕುಂತಲೆಯರ ಕೂದಲು ಯಾವ ನೀಲಿ, ಹೇಳಿ?)
ಇಂಗ್ಲಿಷು ತನ್ನ ಮನೆಯದನ್ನು ಎಲ್ಲೋ ಕಳಕೊಂಡು
ಫ್ರೆಂಚರಲ್ಲಿ ಕಡ ಕೇಳಿತು;
ಫ್ರೆಂಚರು ತಂದದ್ದು ಇದರದೇ ದಾಯಾದಿಗಳಿಂದ.
ನಮ್ಮದೇ ಉರುಳಿ ನಾಲ್ಕು ಮನೆಯ ಪಾಯಸ ಕಂಡು
ಕಲಾಯಿ ಹಾಕಿಸಿಕೊಂಡು ನಮಗೇ ಬಂದ ಹಾಗೆ.

ಇನ್ನೂ ಕೆಳಗೆ, ಇರುವೆಸಾಲಿನಂಥ ಅಕ್ಷರದಲ್ಲಿ:
ಬೇರಿನ ಅರ್ಥ ಹೊಳೆಯುವುದು ಎಂದಿರಬೇಕು.
ಅದೇ ಬೇರಿನ ಇನ್ನೊಂದು ಕವಲು
ಲ್ಯಾಟಿನಿಗೆ ಹೋಗಿ ಹಳದಿಯಾಯಿತು,
ಮಾಗಿದ ಪೈರಿನ ಹಳದಿ.

ಪುಸ್ತಕ ಕವುಚಿ ಹಾಕಿ ಶೆಡ್ಡಿಗೆ ಹೋಗಿ ನಿಂತೆ.
ಹಲಗೆ ಅಲ್ಲೇ ಇದೆ, ಕಲ್ಲೂ.
ಅಲ್ಲಿಯೂ ಯಾರೋ ಒಂದು ಲಡಿ ಎತ್ತಿ
ಬಡಗಣ ಚಳಿಗೆ ಹಿಡಿದಿರಬೇಕು,
ಒಣಗುವ ಮೊದಲೇ ಯಾರೋ ಹೆಸರು ಕೇಳಿರಬೇಕು.

ಅಟ್ಟದಲ್ಲಿ ಅಜ್ಜ ಮಂಗಳೂರಿನಿಂದ ತಂದ ಡಬ್ಬ,
ತುಕ್ಕಿನ ನಡುವೆ ಉಳಿದ ಅಕ್ಷರ: ಅನಿಲಿನ್.
ಆ ಪುಡಿ ಬಂದ ವರ್ಷದಿಂದ ಬಾನಿಗೆ ಮುಪ್ಪು.
ಕೋಶ ಅದರ ಜಾತಕವನ್ನೂ ಹೇಳುತ್ತದೆ:
ನೀಲ ಎಂಬ ಈ ಕಡೆಯ ಮಾತು
ಪಾರ್ಸಿಯಲ್ಲಿ ನೀಲ್, ಅರಬರಲ್ಲಿ ಅನ್ನೀಲ್,
ಪೋರ್ಚುಗೀಸರಲ್ಲಿ ಅನಿಲ್,
ಜರ್ಮನಿಯ ಗಾಜಿನ ಬುರುಡೆಯಲ್ಲಿ ಬೆಂದು ಅನಿಲಿನ್,
ಕೊನೆಗೆ ಬೆಲೆಚೀಟಿ ಅಂಟಿಸಿಕೊಂಡು ಕುಂಬಳೆ ಸ್ಟೇಷನ್ನಿಗೆ.
ಅಜ್ಜ ದುಡ್ಡು ಎಣಿಸಿ ಕೊಟ್ಟರು.
ಗುರುತು ಹಿಡಿಯಲಿಲ್ಲ,
ಅವರೂ, ಅದೂ.

ಇವತ್ತು ಗಣತಿಗೆ ಬಂದಿದ್ದರು
ಬಂದ್ಯೋಡಿನ ಲಿನೆಟ್ ಟೀಚರ್.
ಹಂಚು, ಬಾವಿ, ಎಷ್ಟು ಜನ, ಎಲ್ಲ ಆಯಿತು.
'ಮನೆಮಾತು?'
ಅಮ್ಮ ಒಳಗೆ ತುಳುವಿನಲ್ಲಿ ಬೆಕ್ಕಿಗೆ ಬೈಯುತ್ತಿದ್ದರು,
ಮಗಳು ಫೋನಿನಲ್ಲಿ ಮಲಯಾಳದಲ್ಲಿ ನಗುತ್ತಿದ್ದಳು,
ನಾನು ಇದನ್ನೆಲ್ಲ ಕನ್ನಡದಲ್ಲಿ ಯೋಚಿಸುತ್ತಿದ್ದೆ.
ಟೀಚರ ಪೆನ್ನು ಕಾಗದಕ್ಕೆ ತಾಗಿ ನಿಂತಿತ್ತು,
ನೀಲಿ ಶಾಯಿ, ಹನಿ ದಪ್ಪವಾಗುತ್ತ.

'ಸ್ವಲ್ಪ ಕೂತುಕೊಳ್ಳಿ' ಎಂದೆ.
ಬೀಡಿ ಹಚ್ಚಿದೆ.