ಎಡಗೈ ಗಂಟು

ನಾಯಂಡಹಳ್ಳಿ ಶೆಡ್ಡಿಗೆ ನನ್ನ ಕರೆಸಿದ್ದು ಎಲ್ಲಾ ಮುಗಿದ ಮೇಲೆ.
ವೈರಿಂಗಿನವಳನ್ನು ಯಾವಾಗಲೂ ಕೊನೆಗೇ ಕರೆಯುವುದು,
ಮದುವೆ ಮನೆಗೆ ಎಂಜಲೆಲೆ ಎತ್ತುವವಳ ಹಾಗೆ.

ಜಬೀವುಲ್ಲಾ ಮೇಸ್ತ್ರಿ ಟಾರ್ಪಾಲು ಎಳೆದ. ನೋಡಮ್ಮಾ, ಅಂದ.
ನೋಡಿದೆ. ನಗು ಬಂತು. ನಗಲಿಲ್ಲ.

ರಾಮನಗರದಾಚೆ ಮಗುಚಿದ ಕಮಾಂಡರಿನ ಚಾಸಿ,
ನಡುವೆ ಹದಿನಾಲ್ಕು ಇಂಚು ಕೊಯ್ದು ಕೂಡಿಸಿದ್ದು.
ಹರಾಜಿನ ಜಿಪ್ಸಿಯ ಎರಡೂ ಆಕ್ಸಲ್.
ಬೊಲೆರೊ ಎಂಜಿನ್ನು: ಲಾರಿ ಗುದ್ದಿ ಮೂತಿ ಒಳಗೆ ಹೋಗಿತ್ತಂತೆ,
ಎದೆ ಮಾತ್ರ ಗಟ್ಟಿ.
ಸೀಟು ಒಂದು ಓಮ್ನಿಯದು. ಅದರ ಹೊಲಿಗೆಯಲ್ಲಿ
ಸಕ್ಕರೆ ಕಾಳಿನಂಥ ಗಾಜು, ಎಷ್ಟು ಗುಡಿಸಿದರೂ ಇನ್ನಷ್ಟು.
ಆಕ್ಸಲ್ಲಿನ ಕೆಳಗಿದ್ದ ಪಟ್ಟಿಗಳನ್ನು ಮೇಲೆ ಕೂರಿಸಿದ್ದಾರೆ;
ಅಷ್ಟಕ್ಕೇ ಗಾಡಿ ಗೇಣುದ್ದ ಬೆಳೆದು
ಶೆಡ್ಡಿನ ನಾಯಿ ತಲೆ ತಗ್ಗಿಸದೆ ಅಡಿಯಲ್ಲಿ ಹಾಯುತ್ತದೆ.

ಅರುಳಪ್ಪನ ವೆಲ್ಡಿಂಗು ಜಡೆ ಹೆಣೆದ ಹಾಗಿತ್ತು.
ಹೇಳಿದೆ. ನಾಚಿಕೊಂಡ.

ನಂಬರು ಸಿಗುತ್ತಾ ಇದಕ್ಕೆ?
ಯಾವ ಚಾಸಿ, ಯಾವ ಎಂಜಿನ್ನು, ಹುಟ್ಟಿದ್ದು ಯಾವಾಗ ಅಂತಾರೆ, ಅಂದ ಮೇಸ್ತ್ರಿ.
ಜೂನ್ ಒಂದು ಅಂತ ಬರೆಸಿ, ನಂದೂ ಅದೇ, ಅಂದ ಅರುಳಪ್ಪ.

ಮೂರು ದಿನ ಡ್ಯಾಶಿನ ಕೆಳಗೆ ಅಂಗಾತ ಮಲಗಿದ್ದೆ.
ಮೇಲೆ ಮೆಟ್ರೋ ಹೋದಾಗೆಲ್ಲ ಪಾನದ ತಟ್ಟೆ ನಡುಗುತ್ತಿತ್ತು,
ಗಾಳಿ ತಿರುಗಿದರೆ ವೃಷಭಾವತಿಯ ನಾತ.
ಒಂದೊಂದು ಗಾಡಿಗೂ ಒಂದೊಂದು ಬಣ್ಣದ ಭಾಷೆ:
ಇದರಲ್ಲಿ ಹಸಿರು ಬ್ರೇಕು, ಅದರಲ್ಲಿ ಹಸಿರು ವೈಪರು,
ಇನ್ನೊಂದರಲ್ಲಿ ಹಸಿರು ಎಲ್ಲಿಗೂ ಹೋಗುವುದಿಲ್ಲ,
ಸುಮ್ಮನೆ ಬಾಗಿಲ ಹತ್ತಿರ ಮುಗಿದುಬಿಡುತ್ತದೆ.

ಮೂರನೆಯ ದಿನ ಕಮಾಂಡರಿನ ಹಳೇ ಕಟ್ಟು ಬಿಚ್ಚಿದೆ.
ಟೇಪಿನ ಕೆಳಗೆ ಟೇಪು. ಅದರ ಕೆಳಗೆ ನೂಲು.
ನೂಲಿನ ಕೆಳಗೆ
ಉಲ್ಟಾ ಹೊಸೆದ ತಾಮ್ರ.

ಸಂಪಂಗಿ ಎಡಚ.
ಲಕ್ಕಸಂದ್ರದ ಮಳೆಮರದಡಿ ಅವನ ಪೆಟ್ಟಿಗೆ, ಒಂದು ಸ್ಟೂಲು.
ಲಂಗ ಹಾಕ್ಕೊಂಡು ಗಾಡಿ ಕೆಳಗೆ ನುಗ್ಗಬೇಡ,
ಪ್ಯಾಂಟು ತಗೋ, ಅಂತ ಇನ್ನೂರು ರೂಪಾಯಿ ಕೊಟ್ಟವನು.
ಹುಡುಗೀಗೆ ಯಾಕಯ್ಯಾ ಈ ಕೆಲಸ ಅಂದವರಿಗೆ
ಉತ್ತರ ಕೊಡದೆ ನೂಲಿಗೆ ಉಗುಳು ಹಚ್ಚುತ್ತಿದ್ದವನು.
ಜೋರಾಗಿ ಒಂದು ಮಾತಾಡಿದ್ದು ಕೇಳಿಲ್ಲ.
ಬಿಚ್ಚಿಕೊಂಡರೆ ಗಂಟಲ್ಲ, ಅನ್ನುತ್ತಿದ್ದ. ಅದೂ ಮೆಲ್ಲಗೆ.

ಅವನು ಹೋಗಿ ಒಂಬತ್ತು ವರ್ಷ.
ಗಾಡಿ ಮಗುಚಿ ನಾಲ್ಕು.
ಎಳೆದು ನೋಡಿದೆ. ಮೀಟರು ಇಟ್ಟೆ. ಸೊನ್ನೆ.
ಒಂದು ಚೂರೂ ತಡೆಯಿಲ್ಲ.

ಹೊರಗೆ ಬಂದು ಮುಖ ತೊಳೆದೆ. ಏನಾಯ್ತು, ಅಂದರು.
ಗ್ರೀಸು, ಅಂದೆ.

ಎಲ್ಲಾ ತಂತಿ ಹೊಸದು ಎಳೆದೆ. ಆ ನಾಲ್ಕು ಇಂಚು ಬಿಟ್ಟೆ.
ಯಾವುದಕ್ಕೆ ಕೊಡಲಿ ಅಂತ ಸುಮಾರು ಹೊತ್ತು ಕೂತಿದ್ದು
ಹಾರನ್ನಿಗೆ ಕೊಟ್ಟೆ.

ಭಾನುವಾರ ಬೆಳಕಾಗುವ ಮುಂಚೆ ಲಾರಿ ಮೇಲೆ ಹೇರಿಸಿ
ತಾವರೆಕೆರೆ ಆಚೆ, ಕೈಬಿಟ್ಟ ಕಲ್ಲುಕ್ವಾರಿ.
ಒಂದು ಹೆಡ್‌ಲೈಟು ಹಳದಿ, ಒಂದು ಬಿಳಿ.
ಮೊದಲ ಏರಿಗೆ ಉಸಿರು ಕಟ್ಟಿ ನಿಂತಿತು, ಹಿಂದಕ್ಕೆ ಜಾರಿತು,
ಅರುಳಪ್ಪ ಓಡಿ ಹೋಗಿ ಗಾಲಿಗೆ ಕಲ್ಲು ಕೊಟ್ಟ.
ಎರಡನೆಯದಕ್ಕೆ ಒಂದು ಗಾಲಿ ಗಾಳಿಯಲ್ಲಿ,
ಮೂರು ಗಾಲಿ ಮೂರು ಬಂಡೆಯ ಮೇಲೆ,
ಯಾರ್ಯಾರದೋ ಮೂಳೆ ಒಟ್ಟಿಗೆ ಕಿರುಗುಟ್ಟಿ
ಹತ್ತಿತು.

ಮೇಲೆ ನಿಂತು ಮೇಸ್ತ್ರಿ ಹಾರನ್ ಒತ್ತಿದ.
ಕ್ವಾರಿಯ ಗೋಡೆ ಗೋಡೆಗೂ ಬಡಿದು
ಪಾರಿವಾಳ ಎದ್ದವು. ಬಿಡಲೇ ಇಲ್ಲ ಪುಣ್ಯಾತ್ಮ,
ಒತ್ತುತ್ತಲೇ ಇದ್ದ.

ವಾಪಸು ಬರುವಾಗ ಕೇಳಿದ, ತಂತಿ ಎಷ್ಟು ಮೀಟರಾಯ್ತು?
ತೊಂಬತ್ತೆರಡು, ಅಂದೆ.
ನಾಲ್ಕು ಇಂಚು ಕಮ್ಮಿ ಮಾಡ್ಕೊಳ್ಳಿ,
ಅದು ನಂದಲ್ಲ.