ಮೂರು ಮೊಳೆ

ಚಿಲೊಯೆಯ ಈ ಸಣ್ಣ ದ್ವೀಪಕ್ಕೆ ಪಾದ್ರಿ ಬರುವುದು
ವರ್ಷಕ್ಕೆ ಎರಡೇ ಸಲ, ಅದೂ ಕಡಲು ಒಪ್ಪಿದರೆ.
ಉಳಿದ ದಿನಗಳಲ್ಲಿ ಇಗರ್ಜಿಯ ಕೀಲಿ ನನ್ನ ಸೊಂಟದಲ್ಲಿ.
ಗೇಣುದ್ದದ ಕೀಲಿ, ಚಳಿಗಾಲಕ್ಕೆ
ಮೈಗೆ ತಾಗಿದರೆ ಮೀನಿನ ಹಾಗೆ ತಣ್ಣಗೆ.

ಇದನ್ನು ಕಟ್ಟಿದವರು ದೋಣಿ ಮಾಡುವವರು.
ಗೊತ್ತಿದ್ದದ್ದು ಅದೊಂದೇ ವಿದ್ಯೆ,
ಹಾಗಾಗಿ ದೋಣಿಯನ್ನೇ ಕಟ್ಟಿ ಬೋರಲು ಹಾಕಿ
ದೇವರನ್ನು ಅದರಡಿ ಕೂರಿಸಿದರು.
ಕಬ್ಬಿಣ ಸಿಗದ ಕಾಲ; ತೊಲೆಗೆ ತೊಲೆ
ಮರದ ಗೂಟದಲ್ಲೇ ಕಚ್ಚಿ ನಿಂತಿದೆ.
ಹುಡುಕಿದರೂ ಮೊಳೆಯಿಲ್ಲ ಇಡೀ ಕಟ್ಟಡದಲ್ಲಿ,
ಮೂರು ಬಿಟ್ಟರೆ.
ಆ ಮೂರೂ ಅವನ ಮೈಮೇಲಿವೆ.

ಈ ಮಾರ್ಚಿನಲ್ಲಿ ಮಾಡಿನ ಹಲಗೆ ಕೊಳೆತು
ಎಲಿಯೊದೋರೊನಿಗೆ ಹೇಳಿ ಕಳಿಸಿದೆ.
ಬಂದ, ಏಣಿ ಹಾಕಿದ,
ಆರು ದಿನ ಮೇಲೆಯೇ ಇದ್ದ ಮನುಷ್ಯ
ಒಂದು ಲೋಟ ಬಿಸಿ ಕುಡಿಯಲೂ ಒಳಗೆ ಬರಲಿಲ್ಲ.
"ಬೂಟೆಲ್ಲ ಕೆಸರು," ಅಂದ ಮೊದಲ ದಿನ.
"ನಾಯಿ ಜೊತೆಗಿದೆ," ಅಂದ ಮರುದಿನ.
ನಾಯಿ ಆಗಲೇ ಒಳಗೆ ಮಲಗಿತ್ತು,
ಸಂತ ಅಂತೋನಿಯ ಕಾಲಬುಡದಲ್ಲಿ.

ಏಳನೆಯ ದಿನ ಏಣಿಯ ಕೆಳಮೆಟ್ಟಿಲಲ್ಲಿ ಕೂತು
ನಿಜ ಹೇಳಿದ:
"ದೊಮಿತಿಲಾ, ಅವನ ಹತ್ತಿರ ಲೆಕ್ಕವಿದೆ."

ಲೆಕ್ಕ ನನ್ನ ಹತ್ತಿರವೂ ಇತ್ತು.
ಇಪ್ಪತ್ತೆರಡು ವರ್ಷ, ಪ್ರತಿ ಏಪ್ರಿಲಿನಲ್ಲಿ,
ಬೆಳಕು ಹರಿಯುವ ಮುಂಚೆ ನನ್ನ ಬಾಗಿಲಲ್ಲಿ
ಒಂದು ಚೀಲ ಆಲೂಗಡ್ಡೆ. ಇಟ್ಟವರ ಹೆಸರಿಲ್ಲ.
ಚೀಲದ ಬಾಯಿಗೆ ಬಿಗಿದ ಗಂಟು ಮಾತ್ರ ದೋಣಿಯವರದು,
ಆ ಗಂಟು ಬಲ್ಲ ಕೈ ಇಲ್ಲಿರುವುದು ಒಂದೇ.
ನನ್ನ ನಿಕಾನೋರ್ ಹೋದ ದೋಣಿಯ
ಹಲಗೆ ಸಂದಿಗೆ ನಾರು ತುಂಬಿದ ಕೈಯೂ ಅದೇ,
ಕುಡಿದು, ಹಬ್ಬದ ಹಿಂದಿನ ದಿನ, ಅವಸರದಲ್ಲಿ.

ಆಲೂಗಡ್ಡೆ ಬೇಯಿಸಿ ತಿಂದೆ.
ಆ ಕೈ ಕೊಳೆತುಹೋಗಲಿ ಎಂದೂ ಬೇಡಿಕೊಂಡೆ,
ಇದೇ ನೆಲದ ಮೇಲೆ ಮೊಣಕಾಲೂರಿ, ಮೇಣದಬತ್ತಿ ಹಚ್ಚಿ.
ಆಮೇಲೆ ನನಗೇ ಹೆದರಿಕೆ.
ಶಿಲುಬೆಗೆ ಬೆನ್ನು ಹಾಕಿಯೇ ಕಸ ಗುಡಿಸುತ್ತಿದ್ದೆ,
ವರ್ಷಗಟ್ಟಲೆ.
ಒಂದು ದಿನ ಧೂಳು ಒರೆಸಲು ಸ್ಟೂಲು ಹತ್ತಿದಾಗ
ಅವನ ಮುಖ ನನ್ನ ಮುಖದ ಎತ್ತರಕ್ಕೇ ಸಿಕ್ಕಿತು.
ಕಣ್ಣಿನ ಬಣ್ಣ ಹೋಗಿದೆ. ಮೂಗಿಗೆ ಹುಳ ಬಿದ್ದು ತೂತು.
ಲೆಕ್ಕ ಬರೆಯುವವನ ಮುಖವಲ್ಲ ಅದು.
ಬರೆಯಲು ಕೈಯಾದರೂ ಎಲ್ಲಿ ಬಿಡುವಾಗಿದೆ?
ಎರಡನ್ನೂ ಅಗಲಿಸಿ ಮೊಳೆ ಹೊಡೆದವರು ನಾವೇ,
ಓಡಿ ಬರುವ ಮಗುವಿಗೆ ಚಾಚುವಷ್ಟು ಅಗಲ.

ಇದನ್ನೆಲ್ಲ ಅವನಿಗೆ ಹೇಳಲು ಬಾಯಿ ಬರಲಿಲ್ಲ.
ಕೀಲಿ ತೋರಿಸಿದೆ. "ನೋಡು,
ಈ ಬಾಗಿಲಿಗೆ ಬೀಗ ಹೊರಗಡೆ ಮಾತ್ರ.
ಹಾಕುವವಳು ನಾನು.
ಒಳಗಡೆ ಚಿಲಕವೇ ಇಲ್ಲ."

ತುಂಬ ಹೊತ್ತು ಬೂಟು ಬಿಚ್ಚಿದ.
ಕಾಲುಚೀಲ ಹರಿದು ಹೆಬ್ಬೆರಳು ಹೊರಗೆ.
ಹಾಗೇ ಬಂದ, ಹಲಗೆ ಕಿರುಗುಟ್ಟಿಸುತ್ತ,
ನಡುವೆ ನಿಂತು ನೋಡಿದ್ದು ಶಿಲುಬೆಯನ್ನಲ್ಲ, ಮಾಡನ್ನು.
ಬೋರಲಾದ ದೋಣಿಯ ಪಕ್ಕೆಲುಬುಗಳನ್ನು
ತುಟಿಯಲ್ಲೇ ಎಣಿಸಿದ.
"ಸಂದು ಚೆನ್ನಾಗಿ ತುಂಬಿದ್ದಾರೆ," ಅಂದ.
ದನಿ ಅಲ್ಲಿಗೇ ಒಡೆಯಿತು.

ಆಮೇಲೆ ನನ್ನ ಮಗನ ಹೆಸರು ಹೇಳಿದ,
ನನಗೋ, ಅವನಿಗೋ, ತಿಳಿಯಲಿಲ್ಲ.
ಯಾರೂ ಗುಡುಗಲಿಲ್ಲ.
ನಾಯಿ ಒಮ್ಮೆ ತಲೆಯೆತ್ತಿ ಮತ್ತೆ ಮಲಗಿತು.

ನಾನು ಕ್ಷಮಿಸಿದೆನೇ? ಪೂರ್ತಿ ಗೊತ್ತಿಲ್ಲ.
ಆ ಹೆಬ್ಬೆರಳು ಕಂಡು
ಮನೆಯಲ್ಲಿರುವ ಉಣ್ಣೆನೂಲು ನೆನಪಾಯಿತು, ಅಷ್ಟೇ.
ಹೊರಗೆ ಬಂದು, ಅವನು ಏಣಿ ಹೆಗಲಿಗೇರಿಸುವಾಗ, ಹೇಳಿದೆ:
"ಏಪ್ರಿಲು ಹತ್ತಿರ ಬಂತು.
ಈ ಸಲ ಚೀಲ ಹಗಲಲ್ಲೇ ತಾ."